ಮದರ್‌ಬೋರ್ಡ್ ಹೋಗಿದೆ ಎಂದು ಒಪ್ಪಿಕೊಳ್ಳುವ ಮುನ್ನ

ಪ್ರಶ್ನೆ: ಮಗಳು ತುಮಕೂರಿನಲ್ಲಿ ಬಿ.ಸಿ.ಎ. ಕೊನೆಯ ವರ್ಷ ಓದುತ್ತಿದ್ದಾಳೆ. ಗುಬ್ಬಿಯಿಂದ ದಿನವೂ ರೈಲಿನಲ್ಲಿ ಹೋಗಿ ಬರುತ್ತಾಳೆ. ಅವಳ ಲ್ಯಾಪ್‌ಟಾಪ್‌ಗೆ ನಾಲ್ಕು ವರ್ಷವಾಗಿದೆ. ಹೋದ ವಾರದಿಂದ ಆನ್ ಮಾಡಿದರೆ ದೀಪ ಹತ್ತುತ್ತದೆ, ಫ್ಯಾನ್ ಸದ್ದು ಕೇಳುತ್ತದೆ, ಪರದೆ ಮಾತ್ರ ಕಪ್ಪು. ಅಂಗಡಿಯವರು ಆನ್ ಮಾಡಿ ನೋಡಿದವರೇ ‘ಮದರ್‌ಬೋರ್ಡ್ ಹೋಗಿದೆ, ರಿಪೇರಿಗೆ ಸುರಿಯುವ ಬದಲು ಹೊಸದು ತೆಗೆದುಕೊಳ್ಳಿ’ ಎಂದುಬಿಟ್ಟರು. ಪ್ರಾಜೆಕ್ಟ್ ವರದಿಯೆಲ್ಲ ಅದರೊಳಗೇ ಇದೆ. ಏನು ಮಾಡಲಿ ಸರ್?
– ಒಬ್ಬ ತಂದೆ, ಗುಬ್ಬಿ

ಉತ್ತರ: ಮೊದಲು ಮಗಳಿಗೆ ಧೈರ್ಯ ಹೇಳಿ. ಪ್ರಾಜೆಕ್ಟ್ ಇರುವುದು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ. ಪರದೆ ಕೆಟ್ಟರೆ ಅದಕ್ಕೇನೂ ಆಗುವುದಿಲ್ಲ. ಇನ್ನು ಅಂಗಡಿಯವರ ಮಾತು. ಮದರ್‌ಬೋರ್ಡ್ ಎಂದರೆ ಒಳಗಿನ ಭಾಗಗಳೆಲ್ಲ ಕೂಡುವ ಮುಖ್ಯ ಬೋರ್ಡು. ‘ಮದರ್‌ಬೋರ್ಡ್ ಹೋಗಿದೆ’ ಎನ್ನಲು ಮೀಟರ್ ಹಿಡಿಯಬೇಕಿಲ್ಲ, ಸ್ಕ್ರೂ ಬಿಚ್ಚಬೇಕಿಲ್ಲ, ಹೊಸ ಲ್ಯಾಪ್‌ಟಾಪ್ ಮಾರಾಟವೂ ಆಗುತ್ತದೆ. ಆ ಮಾತನ್ನು ನಂಬುವ ಮೊದಲು ಮನೆಯಲ್ಲೇ ನಾಲ್ಕು ಪರೀಕ್ಷೆ ಮಾಡಿ. ಯಾವುದಕ್ಕೂ ದುಡ್ಡು ಬೇಡ.

ಆನ್ ಮಾಡಿ ಎರಡು ನಿಮಿಷ ಬಿಡಿ. ಆಮೇಲೆ ಕ್ಯಾಪ್ಸ್ ಲಾಕ್ ಒತ್ತಿ. ಆ ಕೀಯ ಪುಟ್ಟ ದೀಪ ಒಮ್ಮೆ ಹತ್ತಿ, ಮತ್ತೊಮ್ಮೆ ಒತ್ತಿದಾಗ ಆರುತ್ತಿದ್ದರೆ ಪ್ರೊಸೆಸರ್, ರ‍್ಯಾಮ್, ವಿಂಡೋಸ್ ಎಲ್ಲವೂ ಬಹುಪಾಲು ಕೆಲಸ ಮಾಡುತ್ತಿವೆ ಎಂದೇ ಲೆಕ್ಕ. ನಿಮಗೆ ಕಾಣಿಸುತ್ತಿಲ್ಲ, ಅಷ್ಟೇ. ಕೆಲವು ಮಾದರಿಗಳಲ್ಲಿ ಈ ದೀಪವೇ ಇರುವುದಿಲ್ಲ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದುಕೊಂಡು ಬಿ ಒತ್ತಿ. ‘ಬೀಪ್’ ಎಂದರೆ ವಿಂಡೋಸ್ ಎಚ್ಚರವಾಗಿಯೇ ಇದೆ. ತಕರಾರು ಚಿತ್ರ ಮೂಡಿಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರ್‌ನದಾಗಿದ್ದರೆ ಇದೊಂದರಿಂದಲೇ ಚಿತ್ರ ಮರಳಿ ಬರುವುದೂ ಉಂಟು.

ಎರಡನೆಯದು ನನಗೆ ಬಹಳ ಇಷ್ಟವಾದ ಪರೀಕ್ಷೆ. ರಾತ್ರಿ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ತೀರಾ ಹತ್ತಿರ, ಓರೆಯಾಗಿ ಹಿಡಿದು ನಿಧಾನವಾಗಿ ಆಚೀಚೆ ಸರಿಸಿ. ಗಡಿಯಾರದ ಅಂಕಿಗಳೋ ಪಾಸ್‌ವರ್ಡ್ ಕೇಳುವ ಚೌಕವೋ ಮಸುಕಾಗಿ ಕಂಡರೆ ಚಿತ್ರ ಪರದೆಯ ತನಕ ಬಂದಿದೆ, ಹಿಂದಿನ ಬೆಳಕು ಮಾತ್ರ ಸತ್ತಿದೆ. ಈಗಿನ ಪರದೆಗಳ, ಅಂದರೆ ಪ್ಯಾನೆಲ್‌ಗಳ ಅಂಚಿನಲ್ಲಿ ಎಲ್‌ಇಡಿ ಪಟ್ಟಿಯೊಂದು ಇರುತ್ತದೆ, ಅದೇ ಬ್ಯಾಕ್‌ಲೈಟ್. ಅದು ಹೋಗಿರಬಹುದು, ಅದಕ್ಕೆ ಕರೆಂಟ್ ಒಯ್ಯುವ ತಂತಿ ತುಂಡಾಗಿರಬಹುದು, ಬೋರ್ಡಿನ ಮೇಲೆ ಆ ಸಾಲಿಗೆಂದೇ ಇರುವ ಎಳ್ಳುಕಾಳಿನಷ್ಟು ಫ್ಯೂಸ್ ಸುಟ್ಟಿರಬಹುದು. ಫ್ಯೂಸ್ ಆದರೆ ಕೈಹಿಡಿತ ಇರುವ ಮೆಕ್ಯಾನಿಕ್‌ಗೆ ಅರ್ಧ ಗಂಟೆಯ ಕೆಲಸ. ಅದಕ್ಕೆ ಮದರ್‌ಬೋರ್ಡನ್ನೇ ಬದಲಿಸುವ ಮಾತು ಯಾಕೆ?

ಮೂರನೆಯದು ಟಿವಿ. ಎಚ್‌ಡಿಎಂಐ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ರಿಮೋಟ್‌ನಲ್ಲಿ ಎಚ್‌ಡಿಎಂಐ ಆರಿಸಿಕೊಳ್ಳಿ. ವಿಂಡೋಸ್ ಕೀ ಹಿಡಿದು ಪಿ ಒಂದು ಸಲ ಒತ್ತಿ, ಕೆಳಮುಖದ ಬಾಣ ಒತ್ತಿ, ಎಂಟರ್ ಕೊಡಿ. ಬರಲಿಲ್ಲವೇ, ಬಾಣವನ್ನು ಇನ್ನೊಂದು ಸಲ ಒತ್ತಿ ನೋಡಿ. ಟಿವಿಯಲ್ಲಿ ಚಿತ್ರ ಮೂಡಿದರೆ ತಪ್ಪು ಪ್ಯಾನೆಲ್‌ನದೋ ಕೇಬಲ್‌ನದೋ ಎಂಬುದು ಹೆಚ್ಚುಕಡಿಮೆ ಖಾತ್ರಿ. ತಡಮಾಡದೆ ಪ್ರಾಜೆಕ್ಟನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಉಳಿದ ಸೆಮಿಸ್ಟರನ್ನು ಮಗಳು ಟಿವಿ ಮುಂದೆ ಕೂತೇ ಮುಗಿಸಿದರೂ ಆದೀತು, ನಿಮ್ಮ ಮನೆಯವರ ಧಾರಾವಾಹಿಗೆ ತೊಂದರೆ ಇಲ್ಲದಿದ್ದರೆ!

ನಾಲ್ಕನೆಯದು ಕೀಲು. ಆನ್ ಇರುವಾಗಲೇ ಮುಚ್ಚಳವನ್ನು ಬಹಳ ನಿಧಾನವಾಗಿ ಮುಂದಕ್ಕೂ ಹಿಂದಕ್ಕೂ ಬಾಗಿಸಿ. ಯಾವುದೋ ಒಂದು ಕೋನದಲ್ಲಿ ಚಿತ್ರ ಮಿಣಕ್ ಎಂದು ಬಂದು ಹೋದರೆ ಕೇಬಲ್ ಸವೆದಿದೆ. ಬೋರ್ಡಿನಿಂದ ಪರದೆಗೆ ಹೋಗುವ ಈ ತೆಳು ಕೇಬಲ್ ಕೀಲಿನ ಸಂದಿಯಲ್ಲೇ ಹಾಯುತ್ತದೆ. ಮುಚ್ಚಳ ತೆಗೆದು ಹಾಕಿದ ಪ್ರತಿ ಸಲವೂ ಅದು ತಿರುಚಿಕೊಳ್ಳುತ್ತದೆ. ನಿಮ್ಮ ಮಗಳ ವಿಷಯದಲ್ಲಿ ನನ್ನ ಅನುಮಾನ ಕೇಬಲ್ ಮೇಲೆ, ಇಲ್ಲವೇ ಪ್ಯಾನೆಲ್ ಮೇಲೆ. ಬೆಳಗಿನ ರೈಲಿನಲ್ಲಿ ಬ್ಯಾಗನ್ನು ಎದೆಗವುಚಿಕೊಂಡು ನಿಲ್ಲುವವರ ಲ್ಯಾಪ್‌ಟಾಪ್‌ಗಳು ಹೀಗೆಯೇ ಬರುತ್ತವೆ. ಚಾರ್ಜರಿನ ಇಟ್ಟಿಗೆಯಂಥ ಡಬ್ಬಿಯನ್ನು ಮುಚ್ಚಳದ ಕಡೆಗೆ ತುರುಕಿರುತ್ತಾರೆ, ನೂಕುನುಗ್ಗಲಿನ ಭಾರವೆಲ್ಲ ಅದರ ಮೂಲಕ ಪರದೆಯ ನಡುಮಧ್ಯಕ್ಕೆ ಬೀಳುತ್ತದೆ. ಚಾರ್ಜರನ್ನು ಬೇರೆ ಖಾನೆಯಲ್ಲಿ ಇಡಲು ಹೇಳಿ.

ಡೆಲ್ ಲ್ಯಾಪ್‌ಟಾಪ್ ಆಗಿದ್ದರೆ ಇನ್ನೊಂದು ಅನುಕೂಲವಿದೆ. ಆಫ್ ಮಾಡಿ, ಡಿ ಕೀ ಒತ್ತಿ ಹಿಡಿದುಕೊಂಡೇ ಪವರ್ ಬಟನ್ ಒತ್ತಿ. ಪರದೆ ಸರಿ ಇದ್ದರೆ ಒಂದಾದ ಮೇಲೊಂದು ಬಣ್ಣ ತುಂಬಿಕೊಳ್ಳುತ್ತದೆ.

ಕ್ಯಾಪ್ಸ್ ಲಾಕ್ ದೀಪವೂ ಇಲ್ಲ, ಟಿವಿಯಲ್ಲೂ ಚಿತ್ರವಿಲ್ಲ ಎಂದಾದರೆ ಮಾತ್ರ ಮುಂದಿನ ಹೆಜ್ಜೆ. ಚಾರ್ಜರ್ ತೆಗೆಯಿರಿ, ಬ್ಯಾಟರಿ ಹೊರಗೆ ಬರುವಂಥದಾದರೆ ಅದನ್ನೂ ತೆಗೆಯಿರಿ, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಒಂದನ್ನೇ ಜೋಡಿಸಿ ಆನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ರ‍್ಯಾಮ್ ಬಿಚ್ಚಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ ಮತ್ತೆ ಕೂರಿಸಬೇಕು. ಬಿಚ್ಚಿ ಅಭ್ಯಾಸವಿಲ್ಲದಿದ್ದರೆ ಇದನ್ನು ಮೆಕ್ಯಾನಿಕ್‌ಗೇ ಬಿಡಿ.

ಒಂದು ಎಚ್ಚರಿಕೆ ಮೆಕ್ಯಾನಿಕ್‌ಗೂ ಸೇರಿ. ಒಳಗೆ ಕೈಹಾಕುವ ಮುನ್ನ ಬ್ಯಾಟರಿಯ ಕನೆಕ್ಟರ್ ಬಿಚ್ಚಲೇಬೇಕು. ಬ್ಯಾಕ್‌ಲೈಟಿನ ಕರೆಂಟ್ ಅದೇ ಪರದೆ ಕೇಬಲ್ಲಿನಲ್ಲಿ ಹರಿಯುತ್ತದೆ. ಬ್ಯಾಟರಿ ಜೋಡಿಸಿದ್ದಾಗಲೇ ಕೇಬಲ್ ಎಳೆದರೆ ಪಿನ್ನಿಗೆ ಪಿನ್ನು ತಾಗಿ ಆ ಪುಟ್ಟ ಫ್ಯೂಸ್ ಹಾರುತ್ತದೆ. ಹೊಸ ಪ್ಯಾನೆಲ್ ಹಾಕಿದ ಮೇಲೂ ಪರದೆ ಕಪ್ಪಾಗಿಯೇ ಉಳಿಯುವುದು ಎಷ್ಟೋ ಸಲ ಇದರಿಂದಲೇ. ಟಚ್‌ಪ್ಯಾಡ್ ಉಬ್ಬಿಕೊಂಡು ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ. ಆಗ ಇದಾವುದನ್ನೂ ಮಾಡಬೇಡಿ, ಚಾರ್ಜ್‌ಗೂ ಹಾಕಬೇಡಿ.

ಇಷ್ಟೆಲ್ಲ ಆದ ಮೇಲೆ ಯಾರಾದರೂ ಮದರ್‌ಬೋರ್ಡ್ ಎಂದರೆ ‘ಯಾವ ಜಾಗದಲ್ಲಿ ವೋಲ್ಟೇಜ್ ಬರುತ್ತಿಲ್ಲ, ಮೀಟರ್ ಇಟ್ಟು ತೋರಿಸಿ’ ಎನ್ನಿ. ತೋರಿಸಿದರೆ ಅವರು ಕೆಲಸ ಬಲ್ಲವರು, ಅವರ ಬಳಿಯೇ ಕೊಡಿ.

ಪ್ರಶ್ನೆ: ಪ್ಯಾನೆಲ್ಲೇ ಒಡೆದಿದೆ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ತಂದರೆ ಅಗ್ಗವಾಗುತ್ತದೆ ಎನ್ನುತ್ತಾರೆ. ಲ್ಯಾಪ್‌ಟಾಪಿನ ಹೆಸರು ಹೇಳಿದರೆ ಸಾಕೇ?
– ಪ್ರೌಢಶಾಲಾ ಶಿಕ್ಷಕಿ, ಕುಣಿಗಲ್

ಉತ್ತರ: ಸಾಲದು ಮೇಡಂ. ಒಂದೇ ಹೆಸರಿನ ಲ್ಯಾಪ್‌ಟಾಪ್‌ಗೆ ಕಂಪನಿಯವರು ಬೇರೆ ಬೇರೆ ಪ್ಯಾನೆಲ್ ಹಾಕಿರುತ್ತಾರೆ. ಹಳೆಯದನ್ನು ಬಿಚ್ಚಿಸಿ, ಬೆನ್ನಿನ ಚೀಟಿಯಲ್ಲಿರುವ ನಂಬರಿನ ಫೋಟೊ ತೆಗೆದುಕೊಳ್ಳಿ. ಎನ್‌156 ಅಥವಾ ಬಿ156 ಎಂದು ಶುರುವಾದರೆ 15.6 ಇಂಚಿನದು. ಕೇಬಲ್ ಕೂರುವ ಬಾಯಿಯಲ್ಲಿ 30 ಪಿನ್ ಇದೆಯೋ 40 ಪಿನ್ನೋ ನೋಡಿ. 30 ಪಿನ್ನಿನ ಕೇಬಲ್‌ಗೆ 40 ಪಿನ್ನಿನದನ್ನು ತಂದರೆ ಮತ್ತೆ ಬೆಂಗಳೂರಿಗೆ ಓಡಬೇಕು. 1366×768ರ ಪರದೆಯೋ 1920×1080ರದೋ ಎಂಬುದನ್ನೂ ಬರೆದುಕೊಳ್ಳಿ. ಸ್ಕ್ರೂ ಹಾಕುವ ಕಿವಿಗಳು ಪಕ್ಕದಲ್ಲಿವೆಯೋ ಮೇಲೆ ಕೆಳಗೆ ಇವೆಯೋ, ಅಥವಾ ಕಿವಿಗಳೇ ಇಲ್ಲವೋ, ಅದನ್ನೂ ಗಮನಿಸಿ. ದುಡ್ಡು ಕೊಡುವ ಮುನ್ನ ಅಲ್ಲೇ ಹೊತ್ತಿಸಿ, ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿಸಿ. ಬಿಳಿಯಲ್ಲಿ ಕಪ್ಪು ಚುಕ್ಕೆ, ಕಪ್ಪಿನಲ್ಲಿ ಹೊಳೆಯುವ ಚುಕ್ಕೆ ಕಂಡರೆ ಬೇರೆ ಕೊಡಿ ಎನ್ನಿ. ಪ್ಯಾನೆಲ್ಲಿನ ಮೇಲೆ ಅಂಟಿಸುವ ಗ್ಯಾರಂಟಿ ಚೀಟಿಯನ್ನು ಕೀಳಬೇಡಿ.

ಪ್ರಶ್ನೆ: ಮಂಡಿಯಲ್ಲಿ ಲೆಕ್ಕ ಬರೆಯುವಾಗ ಲ್ಯಾಪ್‌ಟಾಪಿನ ಪರದೆ ಇದ್ದಕ್ಕಿದ್ದಂತೆ ಆರಿಹೋಗುತ್ತದೆ. ಮನೆಗೆ ತಂದರೆ ಏನೂ ತೊಂದರೆ ಇಲ್ಲ. ಅಂಗಡಿಗೆ ಒಯ್ದರೂ ಸರಿಯಾಗೇ ಇರುತ್ತದೆ!
– ಕೊಬ್ಬರಿ ವ್ಯಾಪಾರಿ, ತಿಪಟೂರು

ಉತ್ತರ: ಮಂಡಿಯಲ್ಲಿ ನಿಮ್ಮ ಮೊಬೈಲ್ ಎಲ್ಲಿರುತ್ತದೆ? ಲ್ಯಾಪ್‌ಟಾಪಿನ ಮೇಲೆ, ಅಂಗೈ ಊರುವ ಜಾಗದಲ್ಲಿ ಇಡುತ್ತಿದ್ದರೆ, ಅದಕ್ಕೆ ಮಡಚುವ ಕವರ್ ಇದ್ದರೆ, ತಪ್ಪು ಆ ಕವರಿನದು. ಮುಚ್ಚಳ ಮುಚ್ಚಿದ್ದು ಗೊತ್ತಾಗಲೆಂದು ಪರದೆಯ ಚೌಕಟ್ಟಿನಲ್ಲಿ ಸಣ್ಣ ಅಯಸ್ಕಾಂತ, ಕೆಳಗೆ ಅದನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಕವರಿನ ಗುಂಡಿಯಲ್ಲೂ ಅಯಸ್ಕಾಂತವಿದೆ. ಸೆನ್ಸರ್ ಮೋಸಹೋಗಿ ಪರದೆ ಆರಿಸುತ್ತದೆ. ಮೊಬೈಲನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡು ಒಂದು ದಿನ ನೋಡಿ.