ಬಾಗಲಕೋಟೆಯಲ್ಲಿ ಪಿಎಚ್‌ಡಿ ಮಾಡುತ್ತಾ, ಗಣ್ಯರ ಸ್ಮರಣಾರ್ಥ ಕೊಡುವ ಫೆಲೋಶಿಪ್‌ನಲ್ಲಿ ವಿದೇಶಿ ಲ್ಯಾಬಿಗೆ ಹೋಗಬಹುದಾ?

ಖಂಡಿತ ಹೋಗಬಹುದು. ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ದಾಳಿಂಬೆಯ ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ರೋಗದ ಮೇಲೆ ಕೆಲಸ ಮಾಡುತ್ತಿದ್ದೇನೆ ಅಂದಿದ್ದೀರಿ. ಹಾಗಾದರೆ ಎರಡನ್ನು ಮೊದಲು ನೋಡಿ.

ಒಂದು, ಫ್ರಾನ್ಸಿಗೆ ಹೋಗಲು ರಾಮನ್-ಶಾರ್ಪಾಕ್ ಫೆಲೋಶಿಪ್. ಸಿ.ವಿ. ರಾಮನ್ ಮತ್ತು ಜಾರ್ಜ್ ಶಾರ್ಪಾಕ್ ಇಬ್ಬರೂ ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದವರು. ಹೆಸರು ನೋಡಿ ಹಿಂಜರಿಯಬೇಡಿ, ಜೀವವಿಜ್ಞಾನದವರೂ ಅರ್ಜಿ ಹಾಕಬಹುದು. ಇನ್ನೊಂದು, ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು ಡಾಕ್ಟೋರಲ್ ರಿಸರ್ಚ್ ಫೆಲೋಶಿಪ್. 6ರಿಂದ 9 ತಿಂಗಳು, ವಿಮಾನದ ಖರ್ಚು ಮತ್ತು ತಿಂಗಳ ಭತ್ಯೆ ಅವರದೇ. ಜೆ.ಎನ್. ಟಾಟಾ ಎಂಡೋಮೆಂಟ್ (ದತ್ತಿ ನಿಧಿ) ಹೆಸರೂ ನಿಮ್ಮ ಕಿವಿಗೆ ಬೀಳಬಹುದು; ಆದರೆ 1892ರಲ್ಲಿ ಶುರುವಾದ ಅದು ಮುಖ್ಯವಾಗಿ ಸಾಲ ರೂಪದ ಸ್ಕಾಲರ್‌ಶಿಪ್, ವಾಪಸ್ ಕಟ್ಟಬೇಕು.

ಅರ್ಜಿಯ ಜೀವ ಇರುವುದು ಅಲ್ಲಿನ ಪ್ರೊಫೆಸರ್ ಕೊಡುವ ಆಹ್ವಾನ ಪತ್ರದಲ್ಲಿ. ಅದಕ್ಕೆ ಈಗಲೇ ಮೇಲ್ ಹಾಕಿ. ಸುಮ್ನೆ 'ನಿಮ್ಮ ಲ್ಯಾಬಿನಲ್ಲಿ ಕಲಿಯುವ ಆಸೆ' ಅಂತ ಬರೆದರೆ ಉತ್ತರ ಬರುವುದು ಕಷ್ಟ. 'ಇಳಕಲ್, ಹುನಗುಂದ ಕಡೆಯ ತೋಟಗಳಿಂದ ತಂದ ದುಂಡಾಣು ತಳಿಗಳು ನನ್ನಲ್ಲಿವೆ, ಅವುಗಳ ಜೀನೋಮ್ ಹೋಲಿಸಲು ನಿಮ್ಮ ವಿಧಾನ ಬೇಕು' ಅಂತ ನಿಮ್ಮ ಕೆಲಸವನ್ನೇ ಹೇಳಿ. ಹೊಲದ ಬದುವಿನಲ್ಲೇ ರೋಗ ನೋಡಿದವರ ಮಾತಿಗೆ ತೂಕ ಜಾಸ್ತಿ.

ಆದರೆ ಆ ತಳಿಗಳನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಹೊರಡುವ ಹಾಗಿಲ್ಲ. ಜೀವವೈವಿಧ್ಯ ಕಾಯ್ದೆಯಡಿ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು, ಆ ದೇಶದ ಆಮದು ಪರವಾನಗಿಯೂ ಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ನಿಮ್ಮ ಗೈಡ್ ಜೊತೆ ಈ ವಾರವೇ ಮಾತಾಡಿ.