ಮರ ಹೊಳೆಯೋದು ನಿಜ, ಫೋಟೋದಲ್ಲಿದ್ದಷ್ಟು ಅಲ್ಲ

ಆಗುಂಬೆ ಕಡೆ ಮಳೆಗಾಲದ ರಾತ್ರಿ ಮರ ಹಸಿರಾಗಿ ಹೊಳೆಯುವ ಫೋಟೋ ನೋಡಿದೆ, ನಿಜವಾ ಅಥವಾ ಕಂಪ್ಯೂಟರ್ ಕೈಚಳಕವಾ, ಬಂದರೆ ನಮಗೂ ಕಾಣುತ್ತಾ ಅಂತ ಕೇಳಿದ್ದೀರಿ. ನಿಜ. ನಮ್ಮದು ತೀರ್ಥಹಳ್ಳಿ ತಾಲ್ಲೂಕು. ನಾನು ಮೊದಲು ಕಂಡಿದ್ದು ಕಾಡಿನಲ್ಲೂ ಅಲ್ಲ, ಮನೆಯ ಅಡಿಕೆ ತೋಟದಲ್ಲಿ.

ಪಿಯುಸಿ ಓದುತ್ತಿದ್ದಾಗಿನ ಮಾತು. ಪುನರ್ವಸು ಮಳೆ ಹಿಡಿದು ಕೂತಿತ್ತು, ಕರೆಂಟ್ ಹೋಗಿ ಮೂರು ದಿನ. ಹಳ್ಳ ಉಕ್ಕಿ ತೋಟಕ್ಕೆ ನುಗ್ಗಿದೆಯಾ ನೋಡಿಬರೋಣ ಅಂತ ರಾತ್ರಿ ಊಟವಾದ ಮೇಲೆ ಚಿಕ್ಕಪ್ಪ ನನ್ನನ್ನೂ ಎಳೆದುಕೊಂಡು ಹೊರಟರು. ಸಂಕ ದಾಟಿದ್ದೇ ಬ್ಯಾಟರಿ ಕೈಕೊಟ್ಟಿತು. ಕಂಬಳಿಕೊಪ್ಪೆಯೊಳಗೇ ಸೆಲ್ ಬಿಚ್ಚಿ ಒರೆಸಿ ಹಾಕುತ್ತಾ ಅವರು ನಿಂತಷ್ಟು ಹೊತ್ತು ನಾನು ಸುಮ್ಮನೆ ಕತ್ತಲೆ ನೋಡುತ್ತಿದ್ದೆ. ಧರೆ ಪಕ್ಕದಲ್ಲಿ ಯಾವ ಕಾಲದಲ್ಲೋ ಬಿದ್ದ ಒಂದು ದಿಮ್ಮಿ. ಅದರ ಮೇಲೆ ಮಾತ್ರ ಬೆಳದಿಂಗಳು! ಆ ಮೋಡದಲ್ಲಿ ಬೆಳದಿಂಗಳು ಎಲ್ಲಿಂದ ಬರಬೇಕು? ಕೊಳ್ಳಿದೆವ್ವ ಅನ್ನುವ ಮಾತು ಗಂಟಲವರೆಗೆ ಬಂದಿತ್ತು.

"ಎಂತ ಹೆದರ್ತೀಯ ಮಾರಾಯ, ಕುಂಬಾದ ಮರ ಅದು. ಮುಟ್ಟು" ಅಂದರು ಚಿಕ್ಕಪ್ಪ. ಕುಂಬು ಅಂದರೆ ಕೊಳೆತದ್ದು.

ಮುಟ್ಟಿದೆ. ತಣ್ಣಗಿತ್ತು. ನೆನೆದ ರಸ್ಕಿನ ಹಾಗೆ ಒಂದು ಚೂರು ಕಳಚಿ ಕೈಗೆ ಬಂತು, ಕೈಯಲ್ಲೂ ಬೆಳಗುತ್ತಲೇ ಇತ್ತು. ಅಂಗೈ ಗೆರೆ ಕಾಣುವಷ್ಟಲ್ಲ, ಬೆರಳು ಎಲ್ಲಿದೆ ಅಂತ ತಿಳಿಯುವಷ್ಟು.

ಹೊಳೆಯುವುದು ಮರವಲ್ಲ, ಮರವನ್ನು ತಿನ್ನುತ್ತಿರುವ ಶಿಲೀಂಧ್ರ. ಮೈಸೀನಾ ಕುಲದ ಕೆಲವು ಅಣಬೆಗಳಿಗೆ ಈ ಗುಣವಿದೆ. ಅಣಬೆ ಮೇಲೆದ್ದಿರದಿದ್ದರೂ ಅದರ ನೂಲಿನಂಥ ಎಳೆಗಳು ಮರದೊಳಗೆ ಹಬ್ಬಿರುತ್ತವೆ. ಅವುಗಳಲ್ಲಿರುವ ಲೂಸಿಫೆರಿನ್ ಎಂಬ ವಸ್ತು ಒಂದು ಕಿಣ್ವದ ನೆರವಿನಿಂದ ಆಮ್ಲಜನಕದ ಜೊತೆ ಸೇರಿದಾಗ ಬೆಳಕು ಹುಟ್ಟುತ್ತದೆ. ಗಾಳಿ ಬೇಕೇ ಬೇಕು ಅನ್ನುವುದನ್ನು 1667ರಷ್ಟು ಹಿಂದೆಯೇ ವಿಜ್ಞಾನಿ ರಾಬರ್ಟ್ ಬಾಯ್ಲ್ ತೋರಿಸಿದ್ದ. ಇಂಥ ಮರದ ಚೂರನ್ನು ಗಾಜಿನ ಪಾತ್ರೆಯಲ್ಲಿಟ್ಟು ಗಾಳಿ ಹೊರಗೆಳೆದ, ಬೆಳಕು ಆರಿತು. ಗಾಳಿ ಬಿಟ್ಟ, ಮತ್ತೆ ಬಂತು. ಆಗಿನ್ನೂ ಆಮ್ಲಜನಕ ಅನ್ನುವ ಹೆಸರೇ ಇರಲಿಲ್ಲ ನೋಡಿ. ಮಿಣುಕುಹುಳದ ಬೆಳಕೂ ಹೆಚ್ಚುಕಡಿಮೆ ಇದೇ ದಾರಿಯದು, ಆದರೆ ಹುಳ ಆರಿಸಿ ಹೊತ್ತಿಸಿ ಮಾಡುತ್ತದೆ, ಇದು ಒಂದೇ ಸಮ.

ಇನ್ನು ನಿಮ್ಮ ಫೋಟೋ. ಸುಳ್ಳೇನಲ್ಲ, ಆದರೆ ಆ ಹಸಿರು ಕ್ಯಾಮೆರಾದ ಕಣ್ಣಿನದು. ಶಟರ್ ಅರ್ಧ ನಿಮಿಷವೋ ಇನ್ನೂ ಹೆಚ್ಚೋ ತೆರೆದಿಟ್ಟು ಬೆಳಕು ಕೂಡಿಹಾಕಿರುತ್ತಾರೆ. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ, ನಿಮಗೆ ಕಾಣುವುದು ಬೂದಿಬಿಳಿ, ತುಸು ಹಸಿರು ಛಾಯೆ. ಅವತಾರ್ ಸಿನಿಮಾದಂಥ ಕಾಡು ಮನಸ್ಸಿನಲ್ಲಿಟ್ಟುಕೊಂಡು ಬಂದರೆ ನಿರಾಸೆ ಖಂಡಿತ.

ನೋಡಲು ಆಗುಂಬೆಗೇ ಬರಬೇಕೆಂದಿಲ್ಲ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ನಾಲ್ಕಾರು ದಿನ ಬಿಡದೆ ಸುರಿದ ಮೇಲೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ತೋಟ ಇರುವ ಹೋಂಸ್ಟೇ ಹಿಡಿಯಿರಿ. ರಾತ್ರಿ ಕಾಡಿಗೆ ನುಗ್ಗಬೇಡಿ, ಅನುಮತಿಯೂ ಇರುವುದಿಲ್ಲ. ಜಾಗದವರೆಗೆ ಟಾರ್ಚ್ ಹಾಕಿಕೊಂಡೇ ಹೋಗಿ, ಹಾವು ಇರುತ್ತವೆ. ನಿಂತ ಮೇಲೆ ಆರಿಸಿ, ಇಪ್ಪತ್ತು ನಿಮಿಷ ಮೊಬೈಲ್ ಮುಟ್ಟಬೇಡಿ. ಕಣ್ಣು ಕತ್ತಲೆಗೆ ಒಗ್ಗಲು ಅಷ್ಟು ಹೊತ್ತು ಬೇಕು. ಅಷ್ಟರಲ್ಲಿ ಉಂಬಳ (ಜಿಗಣೆ) ಹತ್ತುತ್ತವೆ, ಅದಕ್ಕೆ ನಾನು ಹೊಣೆಯಲ್ಲ.

ಅವತ್ತಿನ ಚೂರನ್ನು ಕಾಲೇಜಿನಲ್ಲಿ ತೋರಿಸಬೇಕೆಂದು ಬಚ್ಚಲೊಲೆಯ ಮೇಲೆ ಬೆಚ್ಚಗೆ ಇಟ್ಟಿದ್ದೆ. ಬೆಳಿಗ್ಗೆ ಜೇಬಿನಲ್ಲಿಟ್ಟುಕೊಂಡು ಹೋಗಿ, ಸ್ನೇಹಿತರನ್ನು ಲ್ಯಾಬಿನ ಕತ್ತಲೆ ಕೋಣೆಗೆ ಕರೆದು ತೆಗೆದರೆ ಬರೀ ಸೌದೆ. ಒಣಗಿದರೆ ಆರುತ್ತದೆ ಅಂತ ಚಿಕ್ಕಪ್ಪನಾದರೂ ಹೇಳಬಾರದಿತ್ತಾ!