ನ್ಯಾಕ್, ಎನ್‌ಐಆರ್‌ಎಫ್‌ಗಾಗಿ ನಮ್ಮ ವಿಶ್ವವಿದ್ಯಾಲಯಗಳು ಸಂಶೋಧನೆಯ ಗುಣಮಟ್ಟ ಹೆಚ್ಚಿಸಿಕೊಳ್ಳುವುದು ಹೇಗೆ?

ನಾನು ವಿಜಯಪುರದಲ್ಲಿ ಗ್ರಂಥಪಾಲಕ. ಪಿಎಚ್‌ಡಿ ಥೀಸಿಸ್‌ಗಳ ಕೃತಿಚೌರ್ಯ ತಪಾಸಣೆ ನನ್ನ ಟೇಬಲ್ ಮೇಲೇ ಆಗುತ್ತದೆ. ಅಲ್ಲಿಂದ ಕಂಡದ್ದನ್ನು ಹೇಳುತ್ತೇನೆ. ನ್ಯಾಕ್ ಅಂದರೆ ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಮಂಡಳಿ, ಎನ್‌ಐಆರ್‌ಎಫ್ ಅಂದರೆ ಕೇಂದ್ರ ಸರ್ಕಾರ ಅವುಗಳಿಗೆ ಕೊಡುವ ರ್‍ಯಾಂಕಿಂಗ್.

ಮೊದಲ ಕೆಲಸ, ಪೇಪರ್ ಹೊರಗೆ ಹೋಗುವ ಮುಂಚೆ ಒಳಗೇ ಯಾರಾದರೂ ಓದಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಬೇರೆಯವರ ಬರಹದ ಜೊತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಎಲ್ಲರ ಕಣ್ಣೂ ಆ ಹತ್ತರ ಮೇಲೇ. "ಸರ್, ಪರ್ಸೆಂಟೇಜ್ ಸ್ವಲ್ಪ ಕಡಿಮಿ ಬರ್ಬೇಕ್ರಿ" ಅಂತ ಬರುತ್ತಾರೆ. ವಾಕ್ಯಗಳನ್ನು ಹಿಂದೆಮುಂದೆ ಮಾಡಿದರೆ ಸಂಖ್ಯೆ ಇಳಿಯುತ್ತದೆ. ಆದರೆ ಅದರಲ್ಲಿ ಹೊಸದೇನಿದೆ, ಲೆಕ್ಕ ಸರಿಯಿದೆಯಾ ಅಂತ ಸಾಫ್ಟ್‌ವೇರ್ ಹೇಳೋದಿಲ್ಲ ಅಲ್ವಾ? ಒಬ್ಬ ಪ್ರೊಫೆಸರ್ ಕೈಕೆಳಗೆ 8 ಜನ ಪಿಎಚ್‌ಡಿ ವಿದ್ಯಾರ್ಥಿಗಳು ಇರಬಹುದು. ಎಲ್ಲರ ಕರಡನ್ನೂ ಗೈಡ್ ಒಬ್ಬರೇ ಗಮನವಿಟ್ಟು ಓದುವುದು ಕಷ್ಟ. ತಿಂಗಳಿಗೊಮ್ಮೆ ಕೂತು, ಬೇರೆ ವಿಭಾಗದವರೊಬ್ಬರನ್ನೂ ಕರೆದು, ಕರಡು ಓದಿಸಿ, ಮೂಲ ಡೇಟಾ ತೋರಿಸಿ ಅಂತ ಕೇಳಿ. ಜಗಳ ಆಗುತ್ತದೆ, ಆಗಲಿ. 2025ರಿಂದ ಎನ್‌ಐಆರ್‌ಎಫ್ ತಪ್ಪು ಕಂಡು ಜರ್ನಲ್‌ಗಳು ಹಿಂಪಡೆದ ಪೇಪರ್‌ಗಳಿಗೆ ಅಂಕ ಕಳೆಯುತ್ತಿದೆ. ದುಡ್ಡು ಕೊಟ್ಟು ಹಾಕಿಸಿದ ಪೇಪರ್ ಹಾಗೆ ವಾಪಸಾದರೆ ಈಗ ನಷ್ಟದ ಬಾಬತ್ತು.

ವಿಷಯದ ಆಯ್ಕೆಯೂ ಅಷ್ಟೇ ಮುಖ್ಯ. ನೂರು ಜನರಿಗೆ ಗೂಗಲ್ ಫಾರ್ಮ್ ಕಳಿಸಿ "ಒಂದು ಅಧ್ಯಯನ" ಅಂತ ಬರೆದದ್ದನ್ನು ಯಾರೂ ಉಲ್ಲೇಖಿಸುವುದಿಲ್ಲ. ನಮ್ಮ ಸುತ್ತಲೇ ಇಂಡಿ ತಾಲ್ಲೂಕಿನ ನಿಂಬೆ ಇದೆ, ತಿಕೋಟಾ ಕಡೆಯ ಒಣದ್ರಾಕ್ಷಿ ಇದೆ, ಆದಿಲ್‌ಶಾಹಿ ಕಾಲದ ನೆಲದಡಿಯ ನೀರಿನ ಸುರಂಗಗಳಿವೆ. ಆಲಮಟ್ಟಿ ಹಿನ್ನೀರಿನಲ್ಲಿ ಊರು ಬಿಟ್ಟು ಬಾಗಲಕೋಟೆಯ ನವನಗರಕ್ಕೆ ಬಂದ ಕುಟುಂಬಗಳಿವೆ. ಇಲ್ಲಿ ಓಡಾಡಿ ಕೂಡಿಸಿದ ಡೇಟಾ ದಿಲ್ಲಿಯವರ ಹತ್ತಿರ ಇರಲ್ಲ.

ಇನ್ನೊಂದು ಸಣ್ಣ ಕೆಲಸ, ಖರ್ಚಿಲ್ಲದ್ದು. ಎನ್‌ಐಆರ್‌ಎಫ್ ಪೇಪರ್‌ಗಳನ್ನು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಸಂಶೋಧನಾ ಪೇಪರ್‌ಗಳ ಡೇಟಾಬೇಸ್‌ಗಳಿಂದ ಎಣಿಸುತ್ತದೆ. 2014ರಲ್ಲಿ ಬಿಜಾಪುರ ವಿಜಯಪುರವಾಯಿತು, ಬೆಳಗಾವಿಯ ಇಂಗ್ಲಿಷ್ ಸ್ಪೆಲಿಂಗೂ ಬದಲಾಯಿತು. ಈಗಲೂ ಒಬ್ಬೊಬ್ಬರು ಒಂದೊಂದು ಥರ ಸಂಸ್ಥೆಯ ವಿಳಾಸ ಬರೆಯುತ್ತಾರೆ. ಕೆಲವು ಪೇಪರ್‌ಗಳು ನಿಮ್ಮ ಲೆಕ್ಕಕ್ಕೇ ಬರಲ್ಲ. ಒಂದೇ ರೂಪ ಗೊತ್ತುಮಾಡಿ ಎಲ್ಲರಿಗೂ ಸುತ್ತೋಲೆ ಕಳಿಸಿ.

"ಜರ್ನಲ್ ಸಿಗಲ್ಲ" ಅನ್ನೋ ಮಾತು ಸರ್ಕಾರಿ ಸಂಸ್ಥೆಗಳಲ್ಲಿ ಇನ್ನು ನಡೆಯಲ್ಲ. 2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಸುಮಾರು 13,000 ಜರ್ನಲ್‌ಗಳು ಓದಲು ಸಿಗುತ್ತಿವೆ. ಲಾಗಿನ್ ಮಾಡೋದು ಗೊತ್ತಿಲ್ಲದಿದ್ದರೆ ಲೈಬ್ರರಿಗೆ ಬನ್ನಿ, ಅದಕ್ಕೇ ನಾವು ಇರೋದು.

ಅಂಕಗಳ ಮಾತಿಗೆ ಬಂದರೆ, ಎನ್‌ಐಆರ್‌ಎಫ್‌ನಲ್ಲಿ ಸಂಶೋಧನೆಗೆ ನೂರಕ್ಕೆ 30. ವಿಶ್ವವಿದ್ಯಾಲಯಗಳಿಗೆ ನ್ಯಾಕ್‌ನ ಹಳೆಯ ಸಾವಿರ ಅಂಕದ ಪದ್ಧತಿಯಲ್ಲಿ 250 ಇತ್ತು. ಬೇರೆ ಪ್ರಾಧ್ಯಾಪಕರು, ಉದ್ಯೋಗದಾತರ ಅಭಿಪ್ರಾಯಕ್ಕೆ ಎನ್‌ಐಆರ್‌ಎಫ್ ಕೊಡೋದು ಬರೀ 10. ಅದಕ್ಕಾಗಿ ಬಣ್ಣಬಣ್ಣದ ಪುಸ್ತಿಕೆ ಅಚ್ಚು ಹಾಕಿಸುವ ದುಡ್ಡಲ್ಲಿ ಸಂಖ್ಯಾಶಾಸ್ತ್ರ ಬಲ್ಲವರೊಬ್ಬರನ್ನು ಅರೆಕಾಲಿಕವಾಗಿ ಇಟ್ಟುಕೊಳ್ಳಿ, ಸಂಶೋಧಕರು ಡೇಟಾ ಕೂಡಿಸುವ ಮೊದಲೇ ಅವರನ್ನು ಕಾಣಲಿ.